ಚಿಕ್ಕಮ್ಮ ಆರಿಸಿದ ಎರಡಂತಸ್ತಿನ ಮಂಚ

ಚಿಕ್ಕಮ್ಮ ಎಷ್ಟು ಎತ್ತರವಿದ್ದಳೆಂದರೆ, ಭದ್ರಾವತಿಯ ನಮ್ಮ ಫ್ಯಾಕ್ಟರಿ ಕ್ವಾರ್ಟರ್ಸಿಗೆ ಮದುವಣಗಿತ್ತಿಯಾಗಿ ಬಂದ ದಿನ ಹೊಸ್ತಿಲು ದಾಟುವಾಗಲೇ ಬಾಗಿಲ ಮೇಲ್ಪಟ್ಟಿಗೆ ಹಣೆ ಬಡಿದುಕೊಂಡಳು. ಹಣೆಯ ವಿಭೂತಿ ಮರಕ್ಕೆ ಮೆತ್ತಿತು. ನೆಂಟರು ಇದೇನು ಶಕುನವೋ ಎಂದು ಮುಖ ಮುಖ ನೋಡಿಕೊಂಡರು. ಅವಳು ಹಣೆ ಉಜ್ಜಿಕೊಳ್ಳುತ್ತ ನಕ್ಕು, "ಮನೆ ಜೋರಾಗೇ ಮಾತಾಡಿಸ್ತು ನನ್ನ" ಎಂದಳು.

ನನ್ನ ಹೆತ್ತಮ್ಮ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನಾನಾಗ ಆರನೇ ಕ್ಲಾಸು. ಚಿಕ್ಕಮ್ಮನೂ ಗಂಡನನ್ನು ಕಳೆದುಕೊಂಡವಳು. ಶಿವಮೊಗ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ನಮ್ಮಪ್ಪನನ್ನು ಮದುವೆಯಾಗಿ ಬರುವಾಗ, ನನಗಿಂತ ಸ್ವಲ್ಪ ಚಿಕ್ಕವಳಾದ ತನ್ನ ಮಗಳನ್ನೂ ಕರೆತಂದಳು. ಅವಳ ಕೆಲಸಕ್ಕೆ ಹತ್ತಿರವಾಗಲೆಂದು ಅಲ್ಲಿನ ಗೋಪಾಳ ಬಡಾವಣೆಯಲ್ಲಿ ಬಾಡಿಗೆ ಮನೆ ಹಿಡಿದೆವು. ಅಪ್ಪ ಅಲ್ಲಿಂದಲೇ ಬಸ್ಸಿನಲ್ಲಿ ಫ್ಯಾಕ್ಟರಿಗೆ ಓಡಾಡತೊಡಗಿದ. ಎಕ್ಸ್‌ಚೇಂಜಿನ ಅಭ್ಯಾಸ ಚಿಕ್ಕಮ್ಮನನ್ನು ಮನೆಯಲ್ಲೂ ಬಿಡುತ್ತಿರಲಿಲ್ಲ. ಅಡುಗೆ ಮಾಡುವಾಗ ಯಾರಾದರೂ ಕೂಗಿದರೆ ತಿರುಗಿ ನೋಡದೆ "ಲೈನಲ್ಲಿರಿ" ಎನ್ನುತ್ತಿದ್ದಳು.

ಆ ಮನೆಯಲ್ಲಿ ನಮ್ಮಿಬ್ಬರು ಹುಡುಗಿಯರಿಗೆ ಸಿಕ್ಕಿದ್ದು ಒಂದೇ ಒಂದು ಪುಟ್ಟ ಕೋಣೆ. ಎರಡು ಮಂಚ ಹಾಕಿದರೆ ನಿಲ್ಲಲು ಜಾಗವಿಲ್ಲ. ರೈಲಿನ ಬರ್ತಿನಂತೆ ಮೇಲೊಂದು ಕೆಳಗೊಂದು ಇರುವ ಮಂಚ ತರೋಣ ಎಂದು ಅಪ್ಪನೇ ಹೇಳಿದ. "ಕಬ್ಬಿಣದ್ದೇ ತರೋಣ, ಗಟ್ಟಿ ಇರುತ್ತೆ" ಎನ್ನುವುದು ಕಬ್ಬಿಣದ ಫ್ಯಾಕ್ಟರಿಯವನಾದ ಅವನ ಮಾತು.

ಒಂದು ಭಾನುವಾರ ನಾಲ್ವರೂ ಅಂಗಡಿ ಸುತ್ತಿದೆವು. ಚಿಕ್ಕಮ್ಮ ಪ್ರತಿ ಮಂಚದ ಕೆಳಗಿನ ಹಾಸಿಗೆಯ ಮೇಲೂ ಹೋಗಿ ಕೂರುತ್ತಿದ್ದಳು. ತಲೆ ಮೇಲಿನ ಹಲಗೆಗೆ ತಾಗಿತೋ, ಎದ್ದು ಬರುತ್ತಿದ್ದಳು. ಒಂದು ಅಂಗಡಿಯವರು, "ಮಲಗೋಕೆ ತಾನೇ ಮೇಡಂ? ಮಕ್ಕಳಿಗೆ ಇಷ್ಟು ಎತ್ತರ ಸಾಕು" ಎಂದರು.

"ಮಕ್ಕಳು ಬರೀ ಮಲಗ್ತಾರೇನ್ರೀ? ಓದ್ತಾರೆ, ಜಡೆ ಹಾಕ್ಕೋತಾರೆ, ಮುನಿಸ್ಕೊಂಡು ಗೋಡೆ ಕಡೆ ತಿರುಗಿ ಕೂರ್ತಾರೆ. ಮುನಿಸ್ಕೊಳ್ಳೋಕೂ ಜಾಗ ಬೇಕಲ್ವಾ?"

ಇನ್ನೊಂದು ಅಂಗಡಿಯಲ್ಲಿ ಸೆರಗು ಸಿಕ್ಕಿಸಿ, ನೆರಿಗೆ ಎತ್ತಿ ಹಿಡಿದು ಏಣಿಯನ್ನೇ ಹತ್ತಿದಳು. ಗಿರಾಕಿಗಳೆಲ್ಲ ನೋಡತೊಡಗಿದರು. ಅಪ್ಪ ರಸ್ತೆಯಲ್ಲಿ ಏನೋ ಕಂಡವನಂತೆ ಆ ಕಡೆ ತಿರುಗಿ ನಿಂತ. ದುಂಡನೆಯ ಪೈಪಿನ ಮೆಟ್ಟಿಲು ಬರಿಗಾಲಿಗೆ ಒತ್ತುತ್ತದೆ, ಹಾಸಿಗೆ ಹಾಕಿದ ಮೇಲೆ ಪಕ್ಕದ ತಡೆ ಗಿಡ್ಡವಾಗುತ್ತದೆ, ಮಗು ಹೊರಳಿದರೆ ಬೀಳುತ್ತದೆ ಎಂದು ಮೇಲಿನಿಂದಲೇ ಹೇಳಿದಳು. ಕೊನೆಗೆ ಹಿಡಿಸಿದ್ದು ಚಪ್ಪಟೆ ಮೆಟ್ಟಿಲುಗಳ, ಎತ್ತರದ ತಡೆಯ ಮರದ ಮಂಚ. ಬೋಲ್ಟು ಬಿಚ್ಚಿದರೆ ಅದು ಎರಡು ಬಿಡಿ ಮಂಚವೂ ಆಗುತ್ತಿತ್ತು.

"ಇದೇ ಇರ್ಲಿ. ಒಗ್ಗದಿದ್ರೆ ಬಿಡಿಸ್ಕೊಬಹುದು" ಎಂದಳು.

"ಮಂಚದ ವಿಷಯ ತಾನೇ ಮಾರಾಯ್ತಿ?" ಎಂದ ಅಪ್ಪ. ಮದುವೆಯಾದ ಮೇಲೆ ಅವರಿಬ್ಬರೂ ಒಟ್ಟಿಗೆ ನಕ್ಕಿದ್ದನ್ನು ನಾನು ಮೊದಲು ಕಂಡಿದ್ದು ಅಲ್ಲೇ.

ಮೇಲೆ ಮಲಗುವವರ ಕೈಗೆ ತಾಗೀತೆಂದು ಸೀಲಿಂಗ್ ಫ್ಯಾನ್ ಇಳಿಸಿ ಗೋಡೆಗೆ ಫ್ಯಾನ್ ಹಾಕಿಸಿದಳು. ಮೇಲಿನ ಜಾಗ ಮೊದಲು ನನಗೆ, ಪರೀಕ್ಷೆ ಮುಗಿದ ಮೇಲೆ ಅವಳ ಮಗಳಿಗೆ ಎಂದು ತೀರ್ಮಾನವಾಯಿತು. ನಾನು ದಿಂಬಿನ ಪಕ್ಕದ ಗೋಡೆಗೆ ಅಮ್ಮನ ಫೋಟೋ ತೂಗುಹಾಕಿಕೊಂಡೆ.

ಅದಲುಬದಲಾದ ದಿನವೇ ಜಗಳ ಹತ್ತಿತು. ಅವಳು ಫೋಟೋ ತೆಗೆದು ಕೆಳಗಿದ್ದ ನನಗೆ ಕೊಡುವಾಗ ಜಾರಿ ಬಿದ್ದು ಗಾಜು ಒಡೆಯಿತು. "ಇದು ನಮ್ಮಪ್ಪನ ಮನೆ" ಎಂದು ನಾನು ಕಿರುಚಿದೆ. "ಇದು ನಮ್ಮಮ್ಮ ಆರಿಸಿದ ಮಂಚ" ಎಂದು ಅವಳೂ ಕಿರುಚಿದಳು. ಡ್ಯೂಟಿ ಮುಗಿಸಿ ಬಂದ ಚಿಕ್ಕಮ್ಮನಿಗೆ ಇಬ್ಬರೂ ಒಂದೇ ಮಾತು ಹೇಳಿದೆವು: ಮಂಚ ಬಿಡಿಸಿಬಿಡು.

ತಪ್ಪು ಯಾರದೆಂದು ಅವಳು ಕೇಳಲಿಲ್ಲ. ಮೊದಲು ಗಾಜಿನ ಚೂರುಗಳನ್ನು ಗುಡಿಸಿದಳು. ಆಮೇಲೆ ಅಪ್ಪನನ್ನು ಕರೆದು, ಸ್ಪ್ಯಾನರ್ ತರಿಸಿ, ಮಂಚ ಬಿಚ್ಚಿಸಿಯೇಬಿಟ್ಟಳು. ಎರಡನ್ನೂ ಹಾಕಿದ ಮೇಲೆ ಕೋಣೆಯಲ್ಲಿ ನೆಲವೇ ಉಳಿಯಲಿಲ್ಲ. ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ನನ್ನ ಪುಸ್ತಕ ಬೇಕಾದರೆ ನಾನು ಅವಳ ಮಂಚ ಹತ್ತಿ ಇಳಿಯಬೇಕು, ಬಟ್ಟೆ ಬೇಕಾದರೆ ಅವಳು ನನ್ನದನ್ನು. ಮಾತು ಬಿಟ್ಟ ಇಬ್ಬರ ಮೊಣಕೈ ಪಕ್ಕಪಕ್ಕದಲ್ಲೇ. ಒಂದು ಮಧ್ಯಾಹ್ನ ಅವಳು ಸೂರಿನ ಕಡೆ ನೋಡುತ್ತ, "ನಂಗೂ ನಮ್ಮಪ್ಪನ ಫೋಟೋ ಹಾಕ್ಬೇಕು ಅನ್ಸಿತ್ತು. ಅಮ್ಮಂಗೆ ಬೇಜಾರಾಗುತ್ತೇನೋ ಅಂತ ಕೇಳ್ಲಿಲ್ಲ" ಎಂದಳು. ಅವಳಿಗೂ ಒಬ್ಬ ಅಪ್ಪನಿದ್ದ ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅವರು ನೋಡಲು ಹೇಗಿದ್ದರೆಂದು ಕೇಳಿದೆ. ಅವಳು ಸಂಜೆಯವರೆಗೂ ಹೇಳಿದಳು.

ಕೊನೆಗೆ ನಾವಿಬ್ಬರೇ ಹೋಗಿ ಚಿಕ್ಕಮ್ಮನಿಗೆ ಫೋಟೋ ವಿಷಯವನ್ನೂ ಹೇಳಿ, ಮಂಚ ಮತ್ತೆ ಜೋಡಿಸೋಣ ಎಂದೆವು. ಜೋಡಿಸುವಾಗ ಮೇಲಿನ ಚೌಕಟ್ಟನ್ನು ನಾವಿಬ್ಬರೂ ಎತ್ತಿ ಹಿಡಿದೆವು, ಚಿಕ್ಕಮ್ಮ ಬೋಲ್ಟು ಬಿಗಿದಳು. ಮಾರನೆಯ ದಿನ ಹೊಸ ಗಾಜು ಹಾಕಿಸಿದ ಅಮ್ಮನ ಫೋಟೋವನ್ನೂ ತಂಗಿಯ ಅಪ್ಪನ ಫೋಟೋವನ್ನೂ ನಡುಮನೆಯಲ್ಲಿ ಅಕ್ಕಪಕ್ಕ ತೂಗುಹಾಕಿದಳು. "ಕೋಣೇಲಿ ಯಾಕೆ? ಇಲ್ಲಿದ್ರೆ ಎಲ್ಲರಿಗೂ ಕಾಣ್ತಾರೆ" ಎಂದಳು. ಅಪ್ಪ ಎರಡಕ್ಕೂ ಹೂ ಮುಡಿಸಿದ.

ನನಗೆ ಅಮ್ಮನಾಗಬೇಕೆಂದು ಚಿಕ್ಕಮ್ಮ ಒಂದು ದಿನವೂ ಹಟ ಹಿಡಿಯಲಿಲ್ಲ. ಅವಳು ನನಗೆ ಕೊಟ್ಟದ್ದು ತಂಗಿಯನ್ನು. ಆ ಋಣ ಎಷ್ಟು ದೊಡ್ಡದೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಚಿಕ್ಕಮ್ಮ ತೀರಿಕೊಂಡ ದಿನ. ಬೆಳಿಗ್ಗೆ ಕಾಫಿ ಕುಡಿದು ಕೂತವಳು ಹಾಗೆಯೇ ಹೋಗಿಬಿಟ್ಟಿದ್ದಳು. ಆಗ ಮೈಸೂರಿನಲ್ಲಿದ್ದ ನಾನು ಸುದ್ದಿ ತಿಳಿದು ಹೊರಟು ದಾರಿಯಲ್ಲಿದ್ದೆ. ಹೊತ್ತು ಮುಳುಗುವುದರೊಳಗೆ ಮುಗಿಸಬೇಕು, ಹೆತ್ತ ಮಗಳು ಇದ್ದಾಳಲ್ಲ, ಇನ್ಯಾರಿಗೆ ಕಾಯುವುದು ಎಂದು ಹಿರಿಯರು ಅವಸರಪಡಿಸಿದರಂತೆ. ತಂಗಿ ತಾಯಿಯ ಪಕ್ಕದಿಂದ ಕದಲಲಿಲ್ಲ. "ಅಕ್ಕ ಬರ್ಲಿ" ಎಂದಳಂತೆ. ಯಾರು ಏನು ಹೇಳಿದರೂ ಅದೊಂದೇ ಮಾತು.

ನಾನು ಒಳಗೆ ಬಂದಾಗ ಅವಳು ತಲೆಯೆತ್ತಿ ನೋಡಿದಳು. ಸ್ವಲ್ಪ ಸರಿದು, ಚಿಕ್ಕಮ್ಮನ ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟಳು.