ಜಯಮ್ಮ ಬರಲಿಲ್ಲ

ಇವತ್ತು ಸಂಜೆ ದೋಸೆಗೆ ರುಬ್ಬೋಣವೆಂದು ಪಾತ್ರೆಯ ಮುಚ್ಚಳ ತೆಗೆದೆ. ನೆನೆದ ಉದ್ದಿನ ವಾಸನೆ ಮೂಗಿಗೆ ಬಿದ್ದದ್ದೇ ಕೈ ತಾನಾಗಿ ಗೋಡೆಯ ಕಡೆ ಹೋಯಿತು. ಕೀಳುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ನಗಬೇಡಿ, ಪ್ಲಗ್ ಕೀಳುವುದೂ ಒಂದು ಕೆಲಸವೇ. ನಾನು ಮಾಡಿದ್ದೇನೆ.

ನನ್ನ ಸೊಸೆ ಸವಿತ ಬನ್ನೂರಿನವಳು. ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಐಟಿ ಸಪೋರ್ಟ್ ಕೆಲಸಕ್ಕಿದ್ದಳು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಓಡಬೇಕು, ಯಾರೋ ಪಾಸ್‌ವರ್ಡ್ ಮರೆತರೆ ಓಡಬೇಕು. ಊಟಕ್ಕೆ ಕೂತರೂ ಫೋನು. ಬೀಗರು ಮಗಳು ಕಂಪ್ಯೂಟರ್ ಇಂಜಿನಿಯರ್ ಎಂದು ಊರೆಲ್ಲ ಹೇಳಿಕೊಂಡಿದ್ದರು. ನನ್ನ ಕಣ್ಣಿಗೆ ಕಂಡದ್ದು ದಿನಾ ತಣ್ಣನೆ ಮುದ್ದೆ ತಿನ್ನುವ ಹೆಂಗಸು.

ಒಂದು ದಿನ ಡೆವಾಪ್ಸ್ ಕಲಿತು ಬೇರೆ ಕೆಲಸ ಹಿಡಿಯುತ್ತೇನೆ ಎಂದಳು.

"ಅದೇನವ್ವಾ ಅದು?"

"ಈಗ ಕೆಟ್ಟ ಮೇಲೆ ನನ್ನ ಕರೀತಾರೆ ಅತ್ತೆ. ಅಲ್ಲಿ ಕರೀದೇ ಇರೋ ಹಂಗೆ ಮಾಡಿ ಇಡ್ಬೇಕು."

"ಯಾರೂ ಕರೀದೇ ಇದ್ರೆ ಸಂಬಳ ಯಾಕ್ ಕೊಟ್ಟಾರು?"

"ಅದಕ್ಕೇ ಕೊಡೋದು."

ನಾನು ಉದ್ದು ನೆನೆಹಾಕಲು ಹೋದೆ.

ಗುಜರಿಯಿಂದ ಹಳೆಯ ಕಂಪ್ಯೂಟರ್ ಡಬ್ಬವೊಂದನ್ನು ತಂದು ಅಡುಗೆಮನೆಯಲ್ಲಿಟ್ಟಳು. ಬೇರೆ ಜಾಗವೆಲ್ಲಿ? ನಮ್ಮ ಮನೆಯ ಬಾಗಿಲಲ್ಲಿ ಕೆಮ್ಮಿದರೆ ಹಿತ್ತಿಲ ಬೆಕ್ಕು ಓಡುತ್ತದೆ. ನಮ್ಮ ಬೀದಿಗೆ ನಲ್ಲಿ ನೀರು ಯಾವಾಗ ಬರುತ್ತದೆಂದು ಆ ಡಬ್ಬದಿಂದ ಎಲ್ಲರ ಫೋನಿಗೂ ಕಾಣುವ ಹಾಗೆ ಮಾಡಿದಳು. ಆದರೆ ಅಡುಗೆಮನೆಗೆ ಇದ್ದದ್ದು ಒಂದೇ ಸಾಕೆಟ್ಟು. ನಾನು ಡಬ್ಬದ ಪ್ಲಗ್ ಕಿತ್ತು ಗ್ರೈಂಡರಿನದು ಚುಚ್ಚುತ್ತಿದ್ದೆ. ಕಿತ್ತ ಸ್ವಲ್ಪ ಹೊತ್ತಿಗೆ ಎದುರುಮನೆ ಜಯಮ್ಮ ಫೋನು ಹಿಡಿದು ಹಾಜರು.

"ಅಕ್ಕೋ, ನಿನ್ ಸೊಸೆದು ನೀರು ತೋರುಸ್ತಾ ಇಲ್ಲ ಕಣಕ್ಕ."

ಸವಿತ ಸಿಡುಕುತ್ತಿದ್ದಳು. "ಕೀಳ್ಬೇಡಿ ಅಂತ ಎಷ್ಟ್ ಸಲ ಹೇಳ್ಲಿ ಅತ್ತೆ?"

"ನಿನ್ ಡಬ್ಬ ದೋಸೆ ಹುಯ್ಯೋ ಹಂಗಿದ್ರೆ ಕೀಳಾಕಿಲ್ಲ."

ಅಷ್ಟರಲ್ಲಿ ಎರಡು ಕಡೆ ಸಂದರ್ಶನಕ್ಕೆ ಹೋಗಿ ಬಂದಳು. ಪ್ರಿಂಟರ್ ರಿಪೇರಿ ಮಾಡಿದವರಿಗೆ ಇದು ಒಗ್ಗುವುದಿಲ್ಲ ಎಂದು ಎರಡೂ ಕಡೆ ವಾಪಸ್ ಕಳಿಸಿದ್ದರು. ಬಾಗಿಲ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ಅತ್ತಿದ್ದರೆ ನಾನು ಎದ್ದು ಹೋಗುತ್ತಿದ್ದೆ. ಚಪ್ಪಲಿ ಬಿಚ್ಚುತ್ತಾ ಹೇಳಿದಳು: "ಅತ್ತೆ, ಇನ್ಮೇಲೆ ನಿಮಗೆ ತೋಚ್ದಾಗ ಕೀಳಿ. ನಂಗೆ ಹೇಳ್ಬೇಡಿ."

ಇನ್ನೊಂದು ಡಬ್ಬ ತಂದು ಮಂಚದ ಕೆಳಗಿಟ್ಟಳು. ಒಂದು ಸತ್ತರೆ ಇನ್ನೊಂದು ಅದರ ಹೊರೆ ಹೊತ್ತು, ಜಯಮ್ಮನ ಫೋನಿನಲ್ಲಿ ನೀರು ಕಾಣುತ್ತಲೇ ಇರಬೇಕಂತೆ. ನಾನು ಕೀಳುವುದು, ಜಯಮ್ಮ ಬರುವುದು, ಇವಳು ತಲೆ ಕೆರೆದುಕೊಂಡು ಕೂರುವುದು. ರುಬ್ಬುವುದಿಲ್ಲದ ದಿನವೂ ಕಿತ್ತೆ. ಸುಳ್ಳು ಯಾಕೆ, ಹಾಯೆನಿಸುತ್ತಿತ್ತು.

ಮೂರನೆಯ ಸಂದರ್ಶನ ಮನೆಯಲ್ಲೇ, ಲ್ಯಾಪ್‌ಟಾಪಿನಲ್ಲಿ. ಸಾಹೇಬರುಗಳು ಏನೋ ಕೇಳಿದರು, ಅವಳು ಏನೋ ಹೇಳಿದಳು. ಹೇಳಿದ್ದು ಸಾಲದೆಂದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಸವಿತ ನನ್ನ ಕಡೆ ತಿರುಗಿದಳು.

"ಅತ್ತೆ, ಕಿತ್ತಾಕಿ."

ಕಿತ್ತೆ. ಪರದೆಯ ಮೇಲಿನ ಇಂಗ್ಲಿಷು ನನಗೆ ಬರುವುದಿಲ್ಲ, ಕನ್ನಡವನ್ನೇ ಬೆರಳಿಟ್ಟು ಓದುವವಳು. ನನಗೆ ಓದಲು ಬರುವುದು ಜಯಮ್ಮನನ್ನು. ಬಾಗಿಲಿಗೆ ಹೋಗಿ ನಿಂತೆ. ಜಗಲಿಯ ಮೇಲೆ ಕೂತು ಫೋನು ನೋಡುತ್ತಿದ್ದಳು. ಏಳುತ್ತಾಳೆ, ಈಗ ಏಳುತ್ತಾಳೆ ಎಂದು ಕಾದೆ. ಏಳಲಿಲ್ಲ.

"ನೀರು ಯಾವಾಗಂತೆ ಜಯಮ್ಮ?" ಎಂದೆ.

"ನಾಳೆ ಬೆಳಿಗ್ಗೆ ಅಂತ ತೋರುಸ್ತಾ ಅದೆ. ಮನೇಲೇ ಮಡಿಕಂಡು ನನ್ನ ಕೇಳ್ತೀಯಲ್ಲಕ್ಕ."

ಒಳಗೆ ಬಂದು ಸಾಹೇಬರ ಎದುರಿಗೇ ಹೇಳಿದೆ: "ಜಯಮ್ಮ ಬರ್ಲಿಲ್ಲ ಕಣವ್ವ."

ಜಯಮ್ಮ ಯಾರು ಎಂದು ಅವರು ಕೇಳಿದರು. ಸವಿತ ಗ್ರೈಂಡರಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದಳು. ಒಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಕೆಲಸ ಕೊಟ್ಟರು.

ಈಗ ಅಡುಗೆಮನೆಗೆ ಇನ್ನಷ್ಟು ಸಾಕೆಟ್ಟು ಹಾಕಿಸಿದ್ದಾಳೆ, ನನ್ನ ಕೆಲಸ ಹೋಯಿತು. ರುಬ್ಬಿ ಮುಗಿಸಿ ಮುದ್ದೆ ಕಟ್ಟಿದೆ. ಮೈಸೂರಿನ ಹೊಸ ಕೆಲಸದಿಂದ ಬಂದ ಸವಿತ ಕೈಕಾಲು ತೊಳೆದು ಊಟಕ್ಕೆ ಕೂತಳು. ಪಕ್ಕದಲ್ಲಿದ್ದ ಫೋನು ಬಾಯಿ ಬಿಡಲಿಲ್ಲ.

"ಯಾರೂ ಕರೀಲಿಲ್ವಾ? ಸಂಬಳ ಕೊಡ್ತಾರೆ ತಾನೆ?"

"ಕೊಡ್ತಾರೆ ಅತ್ತೆ," ಎಂದು ಮುದ್ದೆ ಮುರಿದವಳು ಬಿಸಿ ತಾಗಿ ಕೈ ಕೊಡವಿಕೊಂಡಳು. ಬಿಸಿಯಾಗಿ ತಿಂದು ಇನ್ನೂ ಅಭ್ಯಾಸವಾಗಿಲ್ಲ.