ವಖಾರದ ಅಂಗಳದಲ್ಲಿ ಆಡಿದ ಆಟ

ನಿಪ್ಪಾಣಿಯ ಒಂದು ತಂಬಾಕಿನ ವಖಾರದಲ್ಲಿ ನಾನು ಪೊಟ್ಟಣ ಕಟ್ಟುತ್ತಿದ್ದೆ. ಕೆಲಸಕ್ಕೆ ಸೇರಿಸಿದವಳು ನನ್ನ ಅತ್ತೆ. ಶೇಡಬಾಳದಿಂದ ಮದುವೆಯಾಗಿ ಬಂದ ಹೊಸದರಲ್ಲಿ, ತಂಬಾಕಿನ ಘಾಟಿಗೆ ಸೀನಿ ಸೀನಿ ಮೂಗು ಕೆಂಪಾಗಿದ್ದ ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಕಾಗದ ಮಡಚುವುದು, ತುಂಬುವುದು, ಅಂಟು ಹಚ್ಚುವುದು ಎಲ್ಲವನ್ನೂ ಬೈಯುತ್ತಲೇ ಕಲಿಸಿದ್ದಳು. ಬಾಯಿ ಜೋರು. ನನ್ನ ತವರಿನವರ ಜನ್ಮ ಜಾಲಾಡದೆ ಅವಳಿಗೆ ದಿನ ಮುಗಿಯುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಅವಳ ಬೆರಳು ಸೊಟ್ಟಗಾಗಿದ್ದವು, ಕಣ್ಣಿಗೆ ಪೊರೆ ಬಂದಿತ್ತು. ಸಾಕಿನ್ನು ಬಿಡು ಎಂದರೆ ಉರಿದು ಬೀಳುತ್ತಿದ್ದಳು. ಗಂಡ ಸತ್ತ ಮೇಲೆ ಆ ವಖಾರದ ದುಡಿಮೆಯಲ್ಲೇ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ ಹೆಂಗಸು.

"ವಖಾರ ಬಿಟ್ರ ನಾ ಯಾರಿಗೆ ಬೇಕವಾ?" ಎಂದು ಒಮ್ಮೆ ಕೇಳಿದ್ದಳು.

ಅವಳ ಬುಟ್ಟಿ ತುಂಬುತ್ತಿದ್ದುದು ನಮ್ಮೆಲ್ಲರ ಕೈಯಿಂದ. ಒಬ್ಬೊಬ್ಬಳೂ ತನ್ನ ಪೊಟ್ಟಣವನ್ನು ಮೊದಲಿಂದ ಕೊನೆಯವರೆಗೆ ತಾನೇ ಕಟ್ಟಿ ತನ್ನ ಬುಟ್ಟಿಗೆ ಹಾಕಬೇಕಿತ್ತು; ಬುಟ್ಟಿಯ ಎಣಿಕೆಯಷ್ಟೇ ಕೂಲಿ. ಸಂಜೆ ಗುಮಾಸ್ತ ಎಣಿಸಲು ಬರುವ ಮುಂಚೆ ಬಸುರಿಯೋ, ಬಾಣಂತಿಯೋ, ಜ್ವರ ಬಂದವಳೋ, ಯಾರ ಬುಟ್ಟಿ ಕಡಿಮೆಯೋ ಅವಳ ಬುಟ್ಟಿಗೆ ಉಳಿದವರು ಒಂದೊಂದು ಹಿಡಿ ಹಾಕುವುದು ನಮ್ಮ ರೂಢಿ. ಅದಕ್ಕೆ ಮಾತಿಲ್ಲ, ಕತೆಯಿಲ್ಲ. ಬಾಣಂತನ ಮುಗಿಸಿ ಬಂದಾಗ ನನಗೂ ಹಾಕಿದ್ದರು. ಈಗ ದಿನಾ ಅತ್ತೆಗೆ ಹಾಕುತ್ತಿದ್ದೆವು.

ಆ ವರ್ಷ ಮಾಲಕರು ಕೊಲ್ಲಾಪುರದಿಂದ ಒಬ್ಬ ಸರ್ ಅವರನ್ನು ಕರೆಸಿದರು. ಕೆಲಸದಲ್ಲಿ ಸುಮ್ಮನೆ ಹಾಳಾಗುವುದನ್ನು ಹುಡುಕಿ ತೆಗೆಯುವ ವಿದ್ಯೆಯಂತೆ, ಅದಕ್ಕೆ 'ಲೀನ್' ಅನ್ನುತ್ತಾರಂತೆ. ಭಾಷಣವಿರಬೇಕೆಂದು ನಾವು ತೂಕಡಿಸಲು ತಯಾರಾಗಿ ಕೂತರೆ, ಅವರು ಆಟ ಆಡೋಣ ಬರ್ರಿ ಎಂದರು.

ಅಂಗಳದಲ್ಲಿ ಗುಂಪು ಮಾಡಿ ಸಾಲಾಗಿ ಕೂಡಿಸಿದರು. ತಂಬಾಕಿನ ಬದಲು ಕಟ್ಟಿಗೆಯ ಹೊಟ್ಟು. ಒಬ್ಬಳು ಕಾಗದ ಮಡಚಿ ಮುಂದಿನವಳಿಗೆ ಕೊಡಬೇಕು, ಅವಳು ಹೊಟ್ಟು ತುಂಬಿ ಮುಂದೆ ಸರಿಸಬೇಕು, ಅದರಾಚೆಯವಳು ಅಂಟು ಹಚ್ಚಬೇಕು. ಕೊನೆಗೆ ಇಡೀ ಗುಂಪಿಗೆ ಒಂದೇ ಬುಟ್ಟಿ. ಮೊದಲು ತುಂಬಿಸಿದ ಗುಂಪಿಗೆ ಸ್ಟೀಲಿನ ಡಬ್ಬಿ ಬಹುಮಾನ. ಹುಡುಗಿಯರಂತೆ ನಕ್ಕೆವು. ಸರ್ ಸೀಟಿ ಊದಿದರು.

ನಮ್ಮ ಗುಂಪಿನಲ್ಲಿ ಅಂಟು ಹಚ್ಚುವುದು ಅತ್ತೆಯ ಪಾಲಿಗೆ ಬಂದಿತ್ತು. ನೋಡನೋಡುತ್ತ ಅವಳ ಮುಂದೆ ಪೊಟ್ಟಣಗಳ ಗುಡ್ಡೆ ಬಿತ್ತು. ಒಂದು ಹಿಡಿ ಹಾಕೋಣವೆಂದರೆ ಅವಳದೆಂಬ ಬುಟ್ಟಿಯೇ ಇರಲಿಲ್ಲ. ರೂಢಿಬಿದ್ದ ಕೈ ಸುಮ್ಮನಿರುತ್ತದೆಯೇ? ಅಕ್ಕಪಕ್ಕದವರೆಲ್ಲ ಆ ಗುಡ್ಡೆಯಿಂದಲೇ ಒಂದೊಂದು ಹಿಡಿ ಎತ್ತಿ ಮಡಿಲಿಗೆ ಹಾಕಿಕೊಂಡು ಸೆರಗು ಮುಚ್ಚಿದೆವು. ಸರ್ ಕಣ್ಣಿಗೆ ಬಿತ್ತು.

"ಅಕ್ಕಾರ, ಮುಚ್ಚಿಡಬ್ಯಾಡ್ರಿ," ಎಂದರು ನಗುತ್ತಲೇ. "ಇದ್ರಾಗ ಮಂದೀದ ತಪ್ಪ ಇಲ್ರಿ. ಎಲ್ಲಿ ಗುಡ್ಡಿ ಬೀಳ್ತೈತಿ, ಅಲ್ಲಿ ಕೆಲಸ ತ್ರಾಸಿಂದ ಐತಿ ಅಂತ ತಿಳೀಬೇಕ. ಈಗ ನೀವ ಕೂಡಿ ಏನರ ಉಪಾಯ ಮಾಡ್ರಿ."

ಎಲ್ಲರೆದುರು ಮಡಿಲು ಬಿಚ್ಚಿ ಸುರಿದೆವು. ಬಾಗಿಲಲ್ಲಿ ಮಾಲಕರು ನಿಂತು ನೋಡುತ್ತಿದ್ದರು.

"ಅತ್ತಿ, ನೀ ಮಡಚ. ಅಂಟ ನಾ ಹಚ್ತೀನಿ," ಎಂದೆ.

"ಮಡಚಾಕೂ ಬೆರಳ ಬೇಕಲ್ಲ," ಎಂದಳು ನನ್ನ ಮುಖ ನೋಡದೆ. ಸೀರೆಗೆ ಹತ್ತಿದ ಹೊಟ್ಟು ಕೊಡವಿ ಎದ್ದು ನಿಂತಳು. "ನೀವ ಆಡ್ರಿ. ನಾ ನೋಡ್ಕೋತ ನಿಂದರ್ತೀನಿ."

ಮುಂದಿನ ಸುತ್ತಿನಲ್ಲಿ ನಮ್ಮ ಗುಂಪೇ ಗೆದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆಯೂ ತಟ್ಟಿದಳು.

ಹೋಗುವ ಮುಂಚೆ ಸರ್ ಮಾಲಕರಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅಂಟಿನ ಜಾಗಕ್ಕೆ ಇಬ್ಬರನ್ನು ಹಾಕ್ರಿ, ಅಜ್ಜಿಗೆ ಹಗುರ ಕೆಲಸ ಕೊಡ್ರಿ ಎಂದರು. ಮಾಲಕರು ಹೂಂ ಹೂಂ ಎಂದು ತಲೆಯಾಡಿಸಿ ಅವರನ್ನು ಬಸ್ಸಿಗೆ ಕಳಿಸಿಕೊಟ್ಟರು. ಆ ಸರ್ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಮಾಲಕರ ಮೇಲೆ. ಇಡೀ ಪಾಠದಲ್ಲಿ ತನಗೆ ಬೇಕಾದಷ್ಟನ್ನೇ ಕಲಿತ ಮಹಾರಾಯ.

ಮುಂದಿನ ವಾರ ಒಳಗೆ ಉದ್ದಕ್ಕೆ ಹಲಗೆ ಹಾಕಿಸಿ ನಮ್ಮನ್ನು ಆಟದಲ್ಲಿ ಕೂಡಿಸಿದಂತೆಯೇ ಕೂಡಿಸಿದರು. ಅತ್ತೆ ತನ್ನ ಗೋಣಿತಟ್ಟು ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದಳು, ತಿರುಗಿ ಬಂದಳು. ಎಲ್ಲೂ ಜಾಗವಿರಲಿಲ್ಲ.

"ಆಯಿ, ಭಾಳ ವರ್ಷ ದುಡದೀರಿ," ಎಂದರು ಮಾಲಕರು, ಮೆತ್ತಗೆ. "ಇನ್ನ ಮನ್ಯಾಗ ಆರಾಮ ಇರ್ರಿ."

ಅಷ್ಟು ಜೋರು ಬಾಯಿಯ ಹೆಂಗಸು ತಟ್ಟನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ಬೆನ್ನ ಹಿಂದೆ ಓಡೋಣವೆಂದು ನಾನು ಏಳುವಷ್ಟರಲ್ಲಿ ನನ್ನ ಮುಂದೆ ಪೊಟ್ಟಣ ಬಂದು ಬೀಳತೊಡಗಿದವು. ಕೂತೆ.

ಸಂಜೆ ಊಟಕ್ಕೆ ಬಡಿಸಿದೆ. ಒಂದು ರೊಟ್ಟಿ ಮುಗಿಸಿದಳು. ಎರಡನೆಯದನ್ನು ಹಾಕಲು ಹೋದರೆ ತಾಟಿನ ಮೇಲೆ ಕೈ ಅಡ್ಡ ಹಿಡಿದಳು.

"ಹಸಿವಿಲ್ಲೇನ ಅತ್ತಿ?"

"ಹಸಿವಿ ಐತಿ," ಎಂದಳು. "ಖರೆ ದುಡೀದ ಕೂತಾಕಿಗೆ ಇನ್ನ ಇಷ್ಟ ಸಾಕ."

ನಾನು ಅತ್ತು ಬೈದೆ, ನನ್ನ ಗಂಡ ಕೈಮುಗಿದ. ಆಮೇಲೂ ಕೆಲವು ವರ್ಷ ಬದುಕಿದ್ದಳು. ಎರಡನೆಯ ರೊಟ್ಟಿಯನ್ನು ಮಾತ್ರ ನನ್ನ ಕೈಯಿಂದ ಹಾಕಿಸಿಕೊಳ್ಳಲಿಲ್ಲ.