ಸುಮನ್ ಏನಂದಳು?

ಅವ್ವನ ತಂಗಿ, ನಮ್ಮ ಗಿರಿಜಾ ಚಿಗವ್ವನ ಮದುವೆ ಮುರಿದದ್ದು ಟೀವಿಯಿಂದ ಎಂದು ಬಳಗದವರೆಲ್ಲ ಹೇಳುತ್ತಾರೆ. ಯಾವ ಹುಡುಗಿಯ ಸಂಬಂಧದ ಮಾತು ಎದ್ದರೂ ಯಾರಾದರೊಬ್ಬರು "ಅಕಿಗೆ ಧಾರಾವಾಹಿ ತೋರಸಬ್ಯಾಡ್ರಪಾ, ಗಿರಿಜಾನ ಕತಿ ಆದೀತು" ಎನ್ನುವುದು, ಉಳಿದವರು ನಗುವುದು. ಎಲ್ಲರಿಗಿಂತ ಜೋರಾಗಿ ನಗುವವಳು ಚಿಗವ್ವನೇ. "ನಂದೇನೈತಿ ತಪ್ಪು? ಸುಮನ್ ಅಂದ್ಲು, ನಾನೂ ಅಂದೆ" ಎಂದುಬಿಡುತ್ತಾಳೆ. ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಒಂದನ್ನೂ ಬಿಟ್ಟವಳಲ್ಲ. ಇಷ್ಟು ಜನ ಒಂದೇ ಮಾತಿಗೆ ತಲೆಯಾಡಿಸಿದರೆ ನನಗೆ ಮೈ ತುರಿಸತೊಡಗುತ್ತದೆ. ಅದೂ ಅಲ್ಲದೆ, ನೀವೇ ಹೇಳಿ, ಆಗ ನಮ್ಮ ಮನೆಗೆ ಕೇಬಲ್ಲೇ ಇರಲಿಲ್ಲ. ಕೇಬಲ್ಲಿಲ್ಲದ ಮನೆಯ ಹುಡುಗಿಯನ್ನು ಟೀವಿ ಕೆಡಿಸಿದ್ದಾದರೂ ಹೇಗೆ?

ಈ ಹಳೆಯ ತಕರಾರು ಮತ್ತೆ ಎದ್ದದ್ದು ಹೋದ ತಿಂಗಳು. ಸುಮನ್ ನಾಯಕಿಯಾಗಿದ್ದ ಆ ಹಿಂದಿ ಧಾರಾವಾಹಿ ಕನ್ನಡಕ್ಕೆ ಡಬ್ ಆಗಿ ಮಧ್ಯಾಹ್ನ ಬರತೊಡಗಿತು. ಅವ್ವ ಹುರುಪಿನಿಂದ ನೋಡಲು ಕುಳಿತಳು. ಮೂರನೆಯ ದಿನಕ್ಕೆ ಟೀವಿಯ ಜೊತೆ ಜಗಳಕ್ಕೆ ನಿಂತಳು.

"ಅಯ್ಯ, ಕತಿ ಎಲ್ಲಾ ಕೆಡಿಸಿ ಇಟ್ಟಾರ ನೋಡು! ಸುಮನ್ನ ಅಪ್ಪಂದು ಹುಬ್ಬಳ್ಳ್ಯಾಗ ಅರಿವಿ ಅಂಗಡಿ ಇತ್ತು. ಇಲ್ಲಿ ನೋಡಿದ್ರ ಇಂವಾ ಹೆಲಿಕಾಪ್ಟರಿನ್ಯಾಗ ಅಡ್ಡಾಡಾಕತ್ತಾನ."

"ಅವ್ವಾ, ಇದ ಮೂಲ. ಮಾತಷ್ಟ ಕನ್ನಡ ಮಾಡ್ಯಾರ."

"ಮೂಲ ನಾ ಕೇಳಿಲ್ಲೇನು? ಖೈರುನ್‌ಬಿ ಹೇಳಿದ್ದು ಮೂಲ. ಇದು ಯಾರೋ ಅರ್ಧಂಬರ್ಧ ತಿಳಿದವರು ಮಾಡಿದ್ದು."

ಖೈರುನ್‌ಬಿ ಎಂದರೆ ಸವಣೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದವರು. ನನಗೆ ಖಾಲಾ, ಚಿಗವ್ವನಿಗೆ ಆಪಾ. ನಾನಾಗ ಎರಡನೆಯ ತರಗತಿ. ರಾತ್ರಿ ತಮ್ಮ ಮನೆಯಲ್ಲಿ ನೋಡಿದ ಧಾರಾವಾಹಿಯನ್ನು ಖಾಲಾ ಮರುದಿನ ಮಧ್ಯಾಹ್ನ ಮಷೀನಿನ ಮುಂದೆ ಕುಳಿತು ಕನ್ನಡದಲ್ಲಿ ಹೇಳುತ್ತಿದ್ದರು. ಅವ್ವ ಮತ್ತು ಚಿಗವ್ವ ಬ್ಲೌಜಿಗೆ ಹುಕ್ಕು ಹಚ್ಚಿಕೊಡುತ್ತ ಕೇಳುತ್ತಿದ್ದರು. ಅತ್ತೆಯ ಪಾತ್ರ ಬಂದಾಗ ಖಾಲಾ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಆ ಅತ್ತೆ ಬಾಯಿ ಬಿಡದೆ ಗದರುತ್ತಿದ್ದಳು. ಕತೆ ಬಿಗಿಯಾದಾಗ ಮಷೀನು ನಿಲ್ಲುತ್ತಿತ್ತು. ಬಂಗಲೆಯ ಶ್ರೀಮಂತರು ಸವಣೂರ ಖಾರಾ ತಿನ್ನುತ್ತಿದ್ದರು, ಸಿಟ್ಟಾದ ಸೊಸೆ ಹಾನಗಲ್ಲ ಬಸ್ಸು ಹತ್ತುತ್ತಿದ್ದಳು. ಈಗ ತಿಳಿಯಿತಲ್ಲ, ಅವ್ವನಿಗೆ ಹೆಲಿಕಾಪ್ಟರ್ ಯಾಕೆ ಸುಳ್ಳೆನಿಸಿತೆಂದು?

ಚಿಗವ್ವ ಆಗ ನಮ್ಮ ಮನೆಯಲ್ಲಿದ್ದು ಡಿ.ಎಡ್. ಓದುತ್ತಿದ್ದಳು, ಕೊನೆಯ ವರ್ಷ. ಹಂಸಭಾವಿಯ ಕಾಳಿನ ವ್ಯಾಪಾರಸ್ಥರ ಮನೆಗೆ ಮಾತಾಗಿತ್ತು. ಪರೀಕ್ಷೆಗೆ ಮೊದಲೇ ಮದುವೆಯಾಗಲಿ, ಆಮೇಲೆ ಪರೀಕ್ಷೆಯಾದರೂ ಯಾಕೆ ಎಂಬುದು ಅವರ ಹಟ. ಕತೆಯಲ್ಲಿ ಸುಮನ್‌ಗೂ ಆಗ ಅದೇ ಪೇಚು. ದಿನ ಗೊತ್ತು ಮಾಡಲು ಹಂಸಭಾವಿಯ ಹಿರಿಯರು ಬಂದಾಗ ಚಿಗವ್ವ ಚಹಾದ ತಟ್ಟೆ ಕೆಳಗಿಟ್ಟು ಹೇಳಿದಳು: "ಪರೀಕ್ಷಾ ಮುಗೀಲಿರಿ. ತಾಳಿ ಎಲ್ಲಿಗೂ ಓಡಿ ಹೋಗೂದಿಲ್ಲ."

ಹಿರಿಯರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಅಪ್ಪ ಒಳಗೆ ಬಂದು "ಎಲ್ಲಿ ಕಲತಿ ಈ ಮಾತು?" ಎಂದು ಹಾರಾಡಿದಾಗ ಚಿಗವ್ವ ಕೊಟ್ಟ ಉತ್ತರ ಮೂರೇ ಶಬ್ದ: "ಧಾರಾವಾಹ್ಯಾಗ ಸುಮನ್ ಅಂದ್ಲು." ಸಿಟ್ಟೆಲ್ಲ ಆ ಕ್ಷಣದಿಂದ ಧಾರಾವಾಹಿಯ ಮೇಲೆ ತಿರುಗಿತು. ಚಿಗವ್ವ ಪರೀಕ್ಷೆ ಬರೆದಳು, ಶಿಕ್ಷಕಿಯಾದಳು, ಈಗ ಹಿರೇಬೆಂಡಿಗೇರಿಯ ಶಾಲೆಯಲ್ಲಿದ್ದಾಳೆ. ಮದುವೆ ಮಾತ್ರ ಮತ್ತೆ ಕೂಡಿಬರಲಿಲ್ಲ.

ಮುಂದಿನ ಕಂತುಗಳನ್ನು ನಾನು ಫೋನಿನಲ್ಲಿ ಮೊದಲೇ ಹುಡುಕಿ ನೋಡಿದೆ. ಸುಮನ್ ಅಂಥ ಮಾತು ಆಡುವುದೇ ಇಲ್ಲ. ಹಾಲ್‌ಟಿಕೆಟ್ಟನ್ನು ತಾನೇ ಹರಿದು ಅತ್ತೆಯಾಗುವವಳ ಕಾಲಿಗೆ ಬೀಳುತ್ತಾಳೆ, ಹಿನ್ನೆಲೆಯಲ್ಲಿ ಶಹನಾಯಿ. ಸಿಕ್ಕರು ಕಳ್ಳರು! ಮಾತು ಹುಟ್ಟಿಸಿದ್ದು ಖೈರುನ್‌ಬಿ ಎಂದು ನಾನು ಅಡಿಗೆಮನೆಯಲ್ಲೇ ತೀರ್ಪು ಕೊಟ್ಟೆ. ಅವ್ವ ದನಿ ತಗ್ಗಿಸಿದಳು. "ಗಿರಿಜಾಗ ತೋರಸಬ್ಯಾಡ. ಇಷ್ಟು ವರ್ಷ ನಕ್ಕೋತ ಇದ್ದಾಳ. ಯಾರೋ ಕಟ್ಟಿ ಹೇಳಿದ ಸುಳ್ಳು ನಂಬಿ ಮದಿವಿ ಬಿಟ್ಟೆ ಅನಿಸಬಾರದು ಅಕಿಗೆ."

ಒಳ್ಳೆಯ ಮಾತು. ಆದರೆ ಸಾಕ್ಷಿ ಬಚ್ಚಿಡುವುದನ್ನು ನಾನು ಕಲಿತಿಲ್ಲ. ರಜೆಗೆ ನಮ್ಮ ಈಗಿನ ಶಿಗ್ಗಾವಿಯ ಮನೆಗೆ ಬಂದ ಚಿಗವ್ವನನ್ನು ಕೂರಿಸಿ ತೋರಿಸಿಯೇ ಬಿಟ್ಟೆ. ಅವಳು ನಗಲಿಲ್ಲ.

"ಇಕಿ ಹರದ್ಲಾ?" ಎಂದಳು. ಕಂತನ್ನು ಹಿಂದಕ್ಕೆ ಸರಿಸಿ ಇನ್ನೊಮ್ಮೆ ನೋಡಿ, "ಹಂಗಾರ ನಾ ಯಾರ ಮಾತು ಕೇಳಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಗೆದ್ದ ವಾದವೊಂದು ನನ್ನ ಬಾಯಿಗೆ ಕಹಿಯಾದದ್ದು ಅದೇ ಮೊದಲು.

ಮರುದಿನ ಇಬ್ಬರೂ ಸವಣೂರಿಗೆ ಹೋದೆವು. ಖಾಲಾನ ಕನ್ನಡಕ ದಪ್ಪಗಾಗಿದೆ, ಮಷೀನು ಅದೇ. ಕುಳಿತ ಕೂಡಲೇ ನಾನು ಶುರು ಮಾಡಿದೆ.

"ಖಾಲಾ, ನೀವು ಕತಿ ಬದಲ ಮಾಡಿದ್ರಿ. ಸುಮನ್ ಹಾಲ್‌ಟಿಕೆಟ್ ಹರದ್ಲು. ಒಪ್ಪತೀರೋ ಇಲ್ಲೋ?"

"ಅರೆ, ಕೋರ್ಟಿಗೆ ಬಂದಂಗ ಬಂದಿಯಲ್ಲ! ಹರದ್ಲು, ಹೌದು. ನನಗೆಂಥಾ ಸಿಟ್ಟು ಬಂದಿತ್ತಂದ್ರ ಅದನ್ನ ನಿಮ್ಮ ಮುಂದ ಹೇಳಾಕ ನಾಲಗಿ ಏಳಲಿಲ್ಲ. ಹಾಲ್‌ಟಿಕೆಟ್ ಕೈಯಾಗ ಹಿಡಕೊಂಡು ನಿಂತ್ಲು ಅಂದೆ, ಅಲ್ಲಿಗೇ ಬಿಟ್ಟೆ."

"ಮತ್ತ ಆ ತಾಳಿ ಮಾತು?"

ಖಾಲಾ ಕನ್ನಡಕದ ಮೇಲಿಂದ ಚಿಗವ್ವನನ್ನು ನೋಡಿದರು. "ಅದು ನಂದೆಲ್ಲಿ? ಮುಂದೇನಾತು ಅಂತ ನಿಮ್ಮವ್ವ ಗಂಟಬಿದ್ಲು. ನಾ ಸುಮ್ಮನಿದ್ದೆ. ಇಕಿ ಹುಕ್ಕು ಹಚ್ಚಾಕತ್ತಿದ್ಲು. ತಲಿ ಸೈತ ಎತ್ತಲಿಲ್ಲ. 'ಪರೀಕ್ಷಾ ಮುಗೀಲಿ, ತಾಳಿ ಎಲ್ಲಿಗೂ ಓಡಿ ಹೋಗೂದಿಲ್ಲ ಅಂದಿರಬೇಕು' ಅಂದ್ಲು. ನನಗ ಚಲೋ ಅನಸ್ತು. ಹೌದವಾ, ಹಂಗ ಅಂದ್ಲು ಅಂದೆ."

"ಸುಳ್ಳ, ಆಪಾ! ನೀವ ಅಂದ್ರಿ."

"ನನಗ ಅಂಥಾ ಮಾತು ಹೊಳಿತಿದ್ರ ಇಷ್ಟು ವರ್ಷ ಬ್ಲೌಜ್ ಹೊಲಕೋತ ಕುಂದರ್ತಿದ್ದೆನೇನು?"

ಅವ್ವನಿಗೆ ಫೋನ್ ಹಚ್ಚಿದೆ. "ಸುಮನ್ ಅಂದ್ಲು" ಎಂದು ಆಕೆಯದು ಒಂದೇ ಪಟ್ಟು. ನಾನೂ ಆ ಮಧ್ಯಾಹ್ನ ಅಲ್ಲೇ ಇದ್ದಿರಬೇಕು, ಆದರೆ ನನ್ನ ಸಾಕ್ಷಿ ನಡೆಯುವಂಥದ್ದಲ್ಲ. ನನ್ನ ಗಮನವೆಲ್ಲ ಆಗ ಖಾಲಾ ಕೊಡುತ್ತಿದ್ದ ಬಣ್ಣದ ಚಿಂದಿಗಳ ಮೇಲೆ. ಅಂತೂ ಟೀವಿ ಖುಲಾಸೆ, ಖೈರುನ್‌ಬಿ ಖುಲಾಸೆ, ನನ್ನ ತೀರ್ಪು ಕಸದ ಬುಟ್ಟಿಗೆ. ಚಿಗವ್ವ ಹೊರಡುವಾಗ ಸಣ್ಣ ದನಿಯಲ್ಲಿ ಕೇಳಿದಳು: "ಇನ್ನೊಮ್ಮೆ ಹೇಳ್ರಿ ಆಪಾ, ನಾ ಹೆಂಗಂದೆ?"

ಖಾಲಾ ಇನ್ನೊಮ್ಮೆ ಹೇಳಿದರು.

ಉತ್ತರ ಗೊತ್ತಿರುವ ಪ್ರಶ್ನೆಯನ್ನಷ್ಟೇ ಎದುರಾಳಿಗೆ ಕೇಳಬೇಕು ಎಂದು ಚರ್ಚೆಯಲ್ಲಿ ಕಲಿಸುತ್ತಾರೆ. ಮರಳಿ ಬರುವಾಗ ಬಸ್ಸಿನಲ್ಲಿ, ಉತ್ತರ ನಿಜಕ್ಕೂ ಗೊತ್ತಿಲ್ಲದ ಪ್ರಶ್ನೆಯನ್ನು ಮೊದಲ ಸಲ ಕೇಳಿದೆ.

"ಚಿಗವ್ವಾ, ಮಾತು ನಿಂದ ಆಗಿದ್ರ, ಇಷ್ಟು ವರ್ಷ ಅದನ್ನ ಸುಮನ್ನ ಬಾಯಾಗ ಯಾಕ ಇಟ್ಟಿ?"